ನಿಮ್ಮ ವಿಮಾನ ಇನ್ನೂ ನೆಲ ಬಿಟ್ಟಿಲ್ಲ

ನಮಸ್ಕಾರ,

ಜಪಾನಿನ ನಕಾಜಿಮಾ ಬಿ5ಎನ್ ಟಾರ್ಪಿಡೊ ವಿಮಾನದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಬೇಡ. ಸರಕು ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಅಳತೆ. ರೆಕ್ಕೆ ಎಷ್ಟುದ್ದ, ಇಂಜಿನ್ನಿಗೆ ಎಷ್ಟು ಅಶ್ವಶಕ್ತಿ, 1937ರಲ್ಲಿ ಮೊದಲ ಹಾರಾಟ... ವಿಮಾನ ಮಾರಲು ಬಂದವರ ಮಾತಿನ ಹಾಗಿದೆ.

ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರಿನ ಮೇಲಿನ ದಾಳಿಯ ಭಾಗಕ್ಕೆ ಬಂದಾಗ 'ಟಾರ್ಪಿಡೊಗೆ ವಿಶೇಷ ಮಾರ್ಪಾಡು ಮಾಡಲಾಗಿತ್ತು' ಅಂತ ಹೇಳಿ ಮುಂದೆ ಹೋಗಿದ್ದೀರಿ. ಏನು ಮಾರ್ಪಾಡು ಸ್ವಾಮಿ? ಕಥೆ ಇರುವುದೇ ಅಲ್ಲಿ. ಟಾರ್ಪಿಡೊ ಅಂದರೆ ನೀರೊಳಗೆ ಓಡಿ ಹಡಗಿಗೆ ಬಡಿಯುವ ಸಿಡಿತಲೆ. ವಿಮಾನದಿಂದ ಬಿದ್ದ ಟಾರ್ಪಿಡೊ ಮೊದಲು ಆಳಕ್ಕೆ ಮುಳುಗಿ, ಆಮೇಲೆ ಮೇಲೆದ್ದು ಓಡುತ್ತದೆ. ಆ ಬಂದರಿನ ಆಳವೋ ಸುಮಾರು 12 ಮೀಟರ್. ಸುಮ್ನೆ ಎಸೆದಿದ್ದರೆ ಕೆಸರಲ್ಲಿ ಹೂತುಹೋಗುತ್ತಿತ್ತು. ಅದಕ್ಕೇ ಬಾಲಕ್ಕೆ ಮರದ ರೆಕ್ಕೆ ಕೂರಿಸಿದರು. ಆ ರೆಕ್ಕೆ ಸರಿಯಾದ ಓರೆಯಲ್ಲಿ ಟಾರ್ಪಿಡೊವನ್ನು ನೀರಿಗಿಳಿಸಿ, ನೀರಿಗೆ ಬಡಿದ ಕೂಡಲೇ ತಾನು ಮುರಿದು ಬೀಳುತ್ತಿತ್ತು. 800 ಕಿಲೋ ಉಕ್ಕಿಗೆ ಮರದ ತುಂಡಿನ ಆಸರೆ!

ಎರಡು ತಪ್ಪು ತಿದ್ದಿಕೊಳ್ಳಿ. ಪರ್ಲ್ ಹಾರ್ಬರ್ ದಾಳಿಯ ಮುಂದಾಳು ಫುಚಿದಾ ವಿಮಾನ ಓಡಿಸುತ್ತಿರಲಿಲ್ಲ. ಮೂವರು ಕೂರುವ ವಿಮಾನ ಅದು, ಅವನು ನಡುವಿನ ಸೀಟಿನಲ್ಲಿದ್ದ. 1942ರ ಏಪ್ರಿಲ್ 9ರಂದು ಬ್ರಿಟಿಷರ ವಿಮಾನವಾಹಕ ಹಡಗು ಹರ್ಮಿಸ್ ಅನ್ನು ಮುಳುಗಿಸಿದ್ದು ಬಿ5ಎನ್ ಅಲ್ಲ, ಕಡಿದಾಗಿ ಎರಗಿ ಬಾಂಬ್ ಹಾಕುವ ಐಚಿ ಡಿ3ಎ ಡೈವ್ ಬಾಂಬರ್‌ಗಳು. ಬಿ5ಎನ್‌ಗಳು ಅವತ್ತು ಶ್ರೀಲಂಕಾದ ಟ್ರಿಂಕಾಮಲಿ ಬಂದರಿನ ಮೇಲೆ ಬಾಂಬ್ ಹಾಕಿದ್ದವು. ಅದಕ್ಕೆ ಮೂರು ದಿನ ಮುಂಚೆ ಇದೇ ಜಾತಿಯ ವಿಮಾನಗಳು ನಮ್ಮ ವಿಶಾಖಪಟ್ಟಣಕ್ಕೂ ಬಂದಿದ್ದವು. ಅದರ ಬಗ್ಗೆ ಒಂದು ಸಾಲೂ ಇಲ್ವಲ್ಲ?

'ಅಜೇಯ' ಅನ್ನುವ ಪದ ಏಳು ಸಲ ಬಂದಿದೆ, ಎಣಿಸಿದೆ. ಪರ್ಲ್ ಹಾರ್ಬರಿನಲ್ಲೇ ಟಾರ್ಪಿಡೊ ಹೊತ್ತು ಹೋದ 40ರಲ್ಲಿ 5 ವಾಪಸ್ ಬರಲಿಲ್ಲ. ಕೊನೆಕೊನೆಗೆ ಇವು ಜಲಾಂತರ್ಗಾಮಿ ಹುಡುಕುವ ಕೆಲಸಕ್ಕೆ, ಹಡಗಿಗೆ ತಾವೇ ಹೋಗಿ ಬಡಿಯುವ ಕಾಮಿಕಾಜೆ ಆತ್ಮಾಹುತಿ ದಾಳಿಗೆ ಇಳಿದವು. ಎಲ್ಲಿಯ ಅಜೇಯ?

ಇನ್ನು ಬಿ5ಎನ್ ಪೈಲಟ್ ಟೊಮೊನಾಗ. ಐದನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಅವನನ್ನು ಮುಗಿಸಿಬಿಟ್ಟಿದ್ದೀರಿ. 1942ರ ಜೂನ್ 4, ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಕಾಳಗ. ಬೆಳಗಿನ ದಾಳಿಯಲ್ಲಿ ಅವನ ಎಡ ರೆಕ್ಕೆಯ ಟ್ಯಾಂಕಿಗೆ ಪೆಟ್ಟು ಬಿದ್ದಿತ್ತು. ಮಧ್ಯಾಹ್ನ ಅದೇ ವಿಮಾನದಲ್ಲಿ, ಎಡ ಟ್ಯಾಂಕ್ ತುಂಬಿಸದೆಯೇ, 10 ವಿಮಾನಗಳ ಮುಂದಾಳಾಗಿ ಅಮೆರಿಕದ ವಿಮಾನವಾಹಕ ಹಡಗು ಯಾರ್ಕ್‌ಟೌನ್ ಮೇಲೆ ದಾಳಿಗೆ ಹೊರಟ. ಎರಡು ಟಾರ್ಪಿಡೊ ತಾಗಿದವು. 5 ವಿಮಾನ ಮರಳಿದವು, ಅವನದು ಅದರಲ್ಲಿರಲಿಲ್ಲ. ನೀವು 'ಟೊಮೊನಾಗನ ತ್ಯಾಗ' ಅಂದಿದ್ದೀರಿ. ಅವನ ಹಿಂದೆ ಇನ್ನಿಬ್ಬರು ಕೂತಿದ್ದರು ಅಲ್ವಾ?

ಲೇಖನ ಅಲ್ಲಿಂದಲೇ ಶುರುವಾಗಲಿ. ಅಳತೆಗಳನ್ನು ಪಕ್ಕದ ಬಾಕ್ಸಿಗೆ ಹಾಕೋಣ. 1,200 ಪದ ಸಾಕು.

— ಸಂಪಾದಕ