ಆಲಮಟ್ಟಿ ಹಿನ್ನೀರಿನ ನಡುಗಡ್ಡೆಯಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ವಿಡಿಯೊ ಕ್ಯಾಮೆರಾ ಇಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಹಿನ್ನೀರಿನ ಒಂದು ನಡುಗಡ್ಡೆಯಲ್ಲಿ ರಿವರ್ ಟರ್ನ್‌ಗಳು, ಅಂದರೆ ನದಿ ರೀವಗಳು, ಮೊಟ್ಟೆ ಇಡುತ್ತವೆ. ವಿದೇಶದಲ್ಲಿ ಕಡಲ ಹಕ್ಕಿಗಳ ಗೂಡಿನ ಹತ್ತಿರ ಕ್ಯಾಮೆರಾ ಇಟ್ಟು ನೋಡುವ ಹಾಗೆ ಇಲ್ಲೂ ಕಾಲೇಜಿನ ಐದಾರು ಜನ ಸೇರಿ ಮಾಡಬಹುದಾ, ಯಾವ ಕ್ಯಾಮೆರಾ ತರಬೇಕು?

ಮಾಡಬಹುದು. ನಾನು ಬಾಗಲಕೋಟೆ ನವನಗರದಲ್ಲಿ ಸಿಸಿಟಿವಿ ಹಾಕುವ ಕೆಲಸ ಮಾಡುತ್ತೇನೆ. ಹಕ್ಕಿ ನೋಡುವ ಗೆಳೆಯರ ಜೊತೆ ಎರಡು ಬೇಸಿಗೆ ಇದೇ ಕೆಲಸಕ್ಕೆ ಹೋಗಿದ್ದೇನೆ. ಯಾವ ಕ್ಯಾಮೆರಾ ಎನ್ನುವ ಮೊದಲು ಒಂದು ಮಾತು. ಕ್ಯಾಮೆರಾ ಇಡುವುದೇ ನಾವು ಅಲ್ಲಿಗೆ ಹೋಗಬಾರದು ಅಂತ. ಬ್ಯಾಟರಿ ಬದಲಿಸಲು, ಕಾರ್ಡ್ ತೆಗೆಯಲು ಎರಡು ದಿನಕ್ಕೊಮ್ಮೆ ತೆಪ್ಪ ಹತ್ತಬೇಕು ಅಂತಾದರೆ ಇಡಲೇಬೇಡಿ. ದಂಡೆಯಲ್ಲಿ ಕೂತು ಬೈನಾಕ್ಯುಲರ್‌ನಲ್ಲಿ ನೋಡುವುದೇ ಮೇಲು.

ಯಾಕೆ ಅಂದರೆ, ಟರ್ನ್‌ಗೆ ಗೂಡು ಅಂತ ಏನೂ ಇಲ್ಲ. ಬರೀ ನೆಲದಲ್ಲಿ ಕೆದರಿದ ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವಿಗಲ್ಲ, ನೆರಳಿಗೆ. ಹೊಟ್ಟೆಯ ಗರಿಯನ್ನು ನೀರಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಇದನ್ನು ಮೊದಲ ಸಲ ಪರದೆ ಮೇಲೆ ನೋಡಿದ ದಿನ ನನಗೆ ಊಟ ಮಾಡುವುದೇ ಮರೆತು ಹೋಗಿತ್ತು. ನಾವು ನಡುಗಡ್ಡೆಗೆ ಕಾಲಿಟ್ಟರೆ ಅಷ್ಟೂ ಹಕ್ಕಿಗಳು ಮೇಲೆದ್ದು ಕೂಗುತ್ತಾ ತಲೆಯ ಮೇಲೆ ಸುತ್ತುತ್ತವೆ. ಆ ಹೊತ್ತಿನಲ್ಲಿ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲ ಕಾಗೆ ಒಯ್ಯುತ್ತದೆ. 2020ರಿಂದ ಈ ಹಕ್ಕಿ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜಾತಿ ಅಂತ ಸೇರಿದೆ.

ಇನ್ನೊಂದು, ಏನು ತಿಳಿಯಬೇಕು ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. 'ಎಷ್ಟು ಹಕ್ಕಿ ಇವೆ' ಎನ್ನುವುದಕ್ಕೆ ಕ್ಯಾಮೆರಾ ಬೇಡ. ಒಂದು ಕ್ಯಾಮೆರಾದ ಕಣ್ಣಿಗೆ ಹತ್ತು ಹದಿನೈದು ಗೂಡು ಸರಿಯಾಗಿ ಕಂಡರೆ ಹೆಚ್ಚು. ಲೆಕ್ಕವನ್ನು ದೂರದಿಂದ ದೋಣಿಯಲ್ಲೇ ಮಾಡಿ. ಮೊಟ್ಟೆ ಮರಿ ಯಾಕೆ ಹೋದವು, ಯಾರು ತಿಂದರು ಎನ್ನುವುದಕ್ಕೆ ಮಾತ್ರ ಕ್ಯಾಮೆರಾದಂಥ ಸಾಕ್ಷಿ ಮತ್ತೊಂದಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪದಲ್ಲಿ ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಯ ಮರಿಗಳು ಗೂಡಿನಲ್ಲೇ ಸಾಯುತ್ತಿದ್ದವು. 2000ರ ದಶಕದಲ್ಲಿ ರಾತ್ರಿ ವಿಡಿಯೊ ತೆಗೆದಾಗ ಕಂಡದ್ದು, ಹಡಗುಗಳ ಜೊತೆ ಬಂದು ಸೇರಿದ ಸಣ್ಣ ಇಲಿಗಳು ಜೀವಂತ ಮರಿಗಳನ್ನು ಕಚ್ಚಿ ತಿನ್ನುತ್ತಿದ್ದವು. ತಮಗಿಂತ ನೂರಾರು ಪಟ್ಟು ತೂಕದ ಮರಿಗಳನ್ನು! ಬಾಲ್ಟಿಕ್ ಸಮುದ್ರದ ಸ್ಟೋರಾ ಕಾರ್ಲ್ಸೋ ದ್ವೀಪದ್ದು ಇನ್ನೊಂದು ಕಥೆ. 2020ರಲ್ಲಿ ಕೊರೊನಾದಿಂದ ಪ್ರವಾಸಿಗರು ಬರಲಿಲ್ಲ. ಜನ ಇಲ್ಲದ್ದರಿಂದ ಹದ್ದುಗಳ ಓಡಾಟ ಜಾಸ್ತಿ ಆಯಿತು. ಗಿಲಮಾಟ್ ಎಂಬ ಕಡಲ ಹಕ್ಕಿಗಳು ಹೆದರಿ ಮತ್ತೆ ಮತ್ತೆ ಎದ್ದು ಹಾರಿ, ಮೊಟ್ಟೆಗಳು ಕಡಲ್ಗಾಗೆಗಳ ಪಾಲಾದವು. ಸುಮ್ನೆ ಕೂತು ಊಹಿಸಿದ್ದರೆ ಇದು ಯಾರಿಗೆ ಹೊಳೆಯುತ್ತಿತ್ತು?

ಈಗ ಸಾಮಾನಿನ ವಿಷಯ. ಮೊದಲ ವರ್ಷ ನಾವು ಕಾಡಿನಲ್ಲಿ ಚಿರತೆಗೆ ಕಟ್ಟುವಂಥ ಟ್ರ್ಯಾಪ್ ಕ್ಯಾಮೆರಾ ಇಟ್ಟೆವು. ಬೆಳಗಿನ ಫೋಟೊ ಸಿಕ್ಕವು, ಸಂಜೆಯವು ಸಿಕ್ಕವು, ಮಧ್ಯಾಹ್ನ ಮಾತ್ರ ಖಾಲಿ. ಬಿಸಿಲಿಗೆ ಹಕ್ಕಿಗಳು ಗೂಡು ಬಿಟ್ಟು ಹೋಗುತ್ತಿವೆ ಅಂತ ಬರೆದೂ ಇಟ್ಟೆವು. ಅದು ತಪ್ಪು. ಆ ಕ್ಯಾಮೆರಾದ ಸೆನ್ಸರ್ ಸುತ್ತಲಿನ ಬಿಸಿಗೂ ಪ್ರಾಣಿಯ ಮೈ ಬಿಸಿಗೂ ಇರುವ ವ್ಯತ್ಯಾಸ ಹಿಡಿಯುತ್ತದೆ. ಹಕ್ಕಿಯ ಮೈ ಸುಮಾರು 40 ಡಿಗ್ರಿ, ಸುತ್ತಲೂ ಅಷ್ಟೇ ಕಾವು. ಸೆನ್ಸರ್‌ಗೆ ಹಕ್ಕಿ ಇದೆ ಅಂತ ಗೊತ್ತೇ ಆಗಿಲ್ಲ. ಹಾಗಾಗಿ ನೀವು ಸೆನ್ಸರ್ ನಂಬಬೇಡಿ, ಟೈಮ್‌ಲ್ಯಾಪ್ಸ್ ಇಡಿ. ಹಗಲು ನಿಮಿಷಕ್ಕೊಂದು, ರಾತ್ರಿ ಐದು ನಿಮಿಷಕ್ಕೊಂದು ಫೋಟೊ. ಒಂದು ಫೋಟೊ 1 ಎಂಬಿ ಅಂದರೂ ದಿನಕ್ಕೆ 1 ಜಿಬಿ ಒಳಗೇ. 128 ಜಿಬಿ ಕಾರ್ಡ್ ಇಡೀ ಬೇಸಿಗೆಗೆ ಸಾಕು. ದಿನವಿಡೀ ವಿಡಿಯೊ ಓಡಿಸಿದರೆ, 2 ಎಂಬಿಪಿಎಸ್‌ನಲ್ಲೂ (ಸೆಕೆಂಡಿಗೆ 2 ಮೆಗಾಬಿಟ್) ದಿನಕ್ಕೆ 21 ಜಿಬಿ ಮೇಲೆ. ಅದೇ ಕಾರ್ಡ್ ಆರು ದಿನಕ್ಕೆ ತುಂಬುತ್ತದೆ. ಕರೆಂಟೂ ಹಾಗೆಯೇ. 4 ವ್ಯಾಟ್ ಕ್ಯಾಮೆರಾ ದಿನಕ್ಕೆ 96 ವ್ಯಾಟ್-ಅವರ್ ತಿನ್ನುತ್ತದೆ, 12 ವೋಲ್ಟ್ 20 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಪೂರ್ತಿ ಹಿಂಡಿದರೂ ಎರಡೂವರೆ ದಿನ. ಸೋಲಾರ್ ಬೇಕೇ ಬೇಕು. ಮರಿಗೆ ಎಷ್ಟು ಸಲ ಮೀನು ತಂದವು ಅಂತ ಎಣಿಸುವುದಿದ್ದರೆ ಬೆಳಗ್ಗೆ ಎರಡು ತಾಸು ಮಾತ್ರ ವಿಡಿಯೊ ಇಡಿ. ರಾತ್ರಿಗೆ 940 ನ್ಯಾನೊಮೀಟರ್ ಐಆರ್ (ಅವಕೆಂಪು) ದೀಪ ಇರುವ ಕ್ಯಾಮೆರಾ ತಗೊಳ್ಳಿ, 850ರಲ್ಲಿ ಮಂದ ಕೆಂಪು ಬೆಳಕು ಕಾಣುತ್ತದೆ.

ಎತ್ತರದ ಕಂಬ ನೆಡಬೇಡಿ. ಬಯಲಿನಲ್ಲಿ ಕಂಬ ಕಂಡರೆ ಕಾಗೆ, ಹದ್ದು ಅದರ ಮೇಲೇ ಕೂತು ಮರಿ ಹುಡುಕುತ್ತವೆ. ಜನರಿಗೂ ಅದೇ ಗುರುತಾಗುತ್ತದೆ. ಮೊಳದೆತ್ತರದ ಪೆಟ್ಟಿಗೆ, ಮೇಲೆ ಬಿಳಿ ಬಣ್ಣ, ಗಾಳಿಯಾಡಲು ಸಂದು ಬಿಟ್ಟು ಇನ್ನೊಂದು ತಗಡಿನ ನೆರಳು, ಸುತ್ತ ಅಲ್ಲಿಯದೇ ಕಲ್ಲು. ಹಕ್ಕಿಗಳು ಮೊಟ್ಟೆ ಇಡಲು ಶುರು ಮಾಡುವ ಮೊದಲೇ, ನೀರಿಳಿದು ನೆಲ ಕಂಡ ಕೂಡಲೇ, ಇದೆಲ್ಲ ಮುಗಿದಿರಬೇಕು. ಡ್ರೋನ್ ಬೇಡ, ಅದರ ಸದ್ದಿಗೆ ಎಲ್ಲವೂ ಏಳುತ್ತವೆ. ಅರಣ್ಯ ಇಲಾಖೆಗೆ ಪತ್ರ ಕೊಟ್ಟು ಅನುಮತಿ ಪಡೆಯಿರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಕ್ಕಿಯ ಮೊಟ್ಟೆ, ಗೂಡು ಕದಡುವುದು ಬೇಟೆಗೆ ಸಮ.

ಒಂದು ಎಚ್ಚರ. ಗಿಲಮಾಟ್ ಮರಿ ಸುಮಾರು ಮೂರು ವಾರ ಬಂಡೆಯ ಅಂಚಿನಲ್ಲೇ ಇರುತ್ತದೆ, ಕ್ಯಾಮೆರಾಗೆ ಹೇಳಿ ಮಾಡಿಸಿದಂತೆ. ಟರ್ನ್ ಮರಿ ಹಾಗಲ್ಲ. ಕೆಲವೇ ದಿನಕ್ಕೆ ತಗ್ಗು ಬಿಟ್ಟು ಕಲ್ಲಿನ ಮರೆಗೆ ಹೋಗಿ ಕೂರುತ್ತದೆ. ಚಿತ್ರದಲ್ಲಿ ಕಾಣಲಿಲ್ಲ ಅಂತ ಸತ್ತ ಲೆಕ್ಕಕ್ಕೆ ಬರೆಯಬೇಡಿ.

ಮೊಟ್ಟೆ ಮರಿ ಯಾರು ತಿನ್ನುತ್ತಾರೆ ಎನ್ನುವುದಕ್ಕೆ ಎರಡನೆಯ ವರ್ಷ ನಮಗೆ ಉತ್ತರ ಸಿಕ್ಕಿತು. ನೀರು ಇಳಿಯುತ್ತಾ ನಡುಗಡ್ಡೆ ದಂಡೆಗೆ ಕೂಡಿಕೊಂಡಿತ್ತು. ರಾತ್ರಿ ಎರಡು ನಾಯಿಗಳು ನಡೆದು ಬಂದಿದ್ದವು. ದಂಡೆಯಲ್ಲಿ ಕುರಿ ಹಟ್ಟಿ ಹಾಕಿದ್ದ ಅಜ್ಜಾರಿಗೆ ಫೋಟೊ ತೋರಿಸಿದೆವು. "ಅಯ್ಯ, ಇವು ನಮ್ಮ ನಾಯೀನೇ ಅದಾವಲ್ರೀ" ಅಂದರು. ಅವತ್ತಿನಿಂದ ರಾತ್ರಿ ಕಟ್ಟಿ ಹಾಕಿದರು. ಉಳಿದ ಗೂಡುಗಳಲ್ಲಿ ಮರಿ ಆದವು.

ಕೊನೆಗೆ ಪೆಟ್ಟಿಗೆ ವಾಪಸ್ ತರುವ ವಿಷಯ. ಜೂನ್ ಜುಲೈನಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಇಲ್ಲಿ ಕೃಷ್ಣೆ ಏರುತ್ತಾಳೆ. ಮರಿಗಳು ಹಾರಿ ಹೋಗಿದ್ದರೆ ಹೋಗಿ ತನ್ನಿ. ಹಾರಲು ಬಾರದ ಒಂದೇ ಮರಿ ಉಳಿದಿದ್ದರೂ ಹೋಗಬೇಡಿ, ಪೆಟ್ಟಿಗೆ ಮುಳುಗಿದರೆ ಮುಳುಗಲಿ. ನಮ್ಮದೊಂದು ಹಾಗೇ ನೀರಿನಡಿ ಉಳಿದಿದೆ.