ಅಪ್ಪನ ಮಾತು ನನ್ನ ಬಾಯಲ್ಲಿ

ಪ್ರಶ್ನೆ: ನನಗೆ 38 ವರ್ಷ. ಕಳೆದ ವಾರ ಹತ್ತು ವರ್ಷದ ಮಗನ ಕೈತಪ್ಪಿ ನೀರಿನ ಲೋಟ ನನ್ನ ಕಾಗದಪತ್ರಗಳ ಮೇಲೆ ಉರುಳಿದಾಗ, ‘ನಿನ್ನ ಕೈಯಲ್ಲಿ ಒಂದು ಕೆಲಸವೂ ನೆಟ್ಟಗಾಗುವುದಿಲ್ಲ’ ಎಂದು ಕೂಗಿಬಿಟ್ಟೆ. ಅದು ನನ್ನ ತಂದೆ ನನಗೆ ಹೇಳುತ್ತಿದ್ದ ಮಾತು, ಒಂದಕ್ಷರವೂ ಬದಲಾಗಿರಲಿಲ್ಲ. ಮಗ ತಲೆ ತಗ್ಗಿಸಿ, ಅಂಗಿಯ ಅಂಚನ್ನು ಹಿಂಡುತ್ತಾ ನಿಂತ. ನಾನೂ ಹಾಗೆಯೇ ನಿಲ್ಲುತ್ತಿದ್ದೆ. ಅಪ್ಪನ ಸಿಟ್ಟೇ ನನ್ನನ್ನು ಹೀಗೆ ಮಾಡಿತು. ಇದು ರಕ್ತದಲ್ಲೇ ಬಂದಿದೆಯೇ? ಬಿಡುವ ದಾರಿ ಇದೆಯೇ?

ಉತ್ತರ: ಒಂದಕ್ಷರವೂ ಬದಲಾಗಿರಲಿಲ್ಲ ಎಂದಿದ್ದೀರಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಬೇಗ ಕೆರಳುವ ಸ್ವಭಾವದಲ್ಲಿ ಹುಟ್ಟಿನಿಂದ ಬಂದ ಅಂಶ ಸ್ವಲ್ಪ ಇರುತ್ತದೆ, ನಿಜ. ಆದರೆ ಇಂಥ ಮಾತುಗಳನ್ನು ನಾವು ಕೇಳಿಯೇ ಕಲಿಯುತ್ತೇವೆ. 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದು ಬಯ್ಯುವುದನ್ನು ಕೆಲವು ನಿಮಿಷ ನೋಡಿದ ಪುಟ್ಟ ಮಕ್ಕಳಲ್ಲಿ ಅನೇಕರು, ಆಮೇಲೆ ತಾವೂ ಗೊಂಬೆಯನ್ನು ಹಾಗೆಯೇ ಹೊಡೆದರಲ್ಲದೆ, ಕೇಳಿದ ಮಾತುಗಳನ್ನೂ ಆಡಿದರು. ನೀವಾದರೋ ಇಡೀ ಬಾಲ್ಯ ನೋಡಿದ್ದೀರಿ, ಅದೂ ಬಯ್ಯಿಸಿಕೊಳ್ಳುವ ಕಡೆ ನಿಂತು.

ಕುಟುಂಬದ ವರ್ತನೆಗಳು ತಲೆಮಾರಿನಿಂದ ತಲೆಮಾರಿಗೆ ದಾಟುವ ಬಗೆಯನ್ನು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ವಿವರಿಸಿದರು. ಅವರ ಹಾದಿಯ ಚಿಕಿತ್ಸಕರು ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಸುತ್ತಾರೆ. ನೀವೂ ಬರೆಯಿರಿ. ಹೆಸರಿನ ಪಕ್ಕದಲ್ಲಿ ‘ಮುಂಗೋಪಿ’ ಎಂಬಂಥ ಹಣೆಪಟ್ಟಿ ಬೇಡ. ಸಿಟ್ಟು ಬಂದಾಗ ಅವರು ಏನು ಮಾಡುತ್ತಿದ್ದರು, ಯಾವ ಸಂದರ್ಭದಲ್ಲಿ, ಯಾರ ಮೇಲೆ ಎಂಬುದನ್ನು ಬರೆಯಿರಿ. ವಾರಗಟ್ಟಲೆ ಮಾತು ಬಿಟ್ಟವರನ್ನು ಮರೆಯಬೇಡಿ (ಕೂಗದವರ ಸಿಟ್ಟು ಮನೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ). ಹೀಗೆ ಬರೆಯುತ್ತಾ ಹೋದರೆ ಎಷ್ಟೋ ವೇಳೆ ಹಲವರ ಸಿಟ್ಟಿನ ಅಡಿಯಲ್ಲಿ ಒಂದೇ ಭಯ ಕಾಣಿಸುತ್ತದೆ: ಹಾಳಾದದ್ದನ್ನು ಮತ್ತೆ ತರಲಾಗದು ಎಂಬುದು, ಇಲ್ಲವೇ ನಾಲ್ಕು ಜನರ ಮುಂದೆ ಮಾನ ಹೋದೀತು ಎಂಬುದು. ಕಾಗದಗಳು ನೆನೆದಾಗ ನಿಮ್ಮಲ್ಲಿ ಎದ್ದದ್ದು ಯಾವುದು?

‘ಅಪ್ಪನ ಸಿಟ್ಟೇ ನನ್ನನ್ನು ಹೀಗೆ ಮಾಡಿತು’ ಎಂಬ ಮಾತಿಗೆ ನನ್ನ ತಕರಾರಿದೆ. ಕಾರಣ ತಿಳಿದುಕೊಳ್ಳುವುದು ಬೇರೆ, ಹೊಣೆಯನ್ನು ಅವರ ತಲೆಗೆ ಕಟ್ಟುವುದು ಬೇರೆ. ಮಗನನ್ನು ಬಯ್ದವರು ನೀವು. ತಂದೆ ಬದುಕಿದ್ದರೆ, ‘ಯಾಕೆ ಬಯ್ಯುತ್ತಿದ್ದಿರಿ’ ಎಂದು ಕೇಳುವ ಬದಲು, ಚಿಕ್ಕಂದಿನಲ್ಲಿ ಅವರ ಕೈಯಿಂದ ಏನಾದರೂ ಒಡೆದಾಗ ಮನೆಯಲ್ಲಿ ಏನಾಗುತ್ತಿತ್ತು ಎಂದು ಕೇಳಿ.

ಸಿಟ್ಟು ಬರುವುದೇ ನಿಂತುಹೋಗುತ್ತದೆ ಎಂದು ನಿರೀಕ್ಷಿಸಬೇಡಿ. ಮಾತಿಗೆ ಮುಂಚೆ ದವಡೆ ಬಿಗಿಯುವುದೋ ಉಸಿರು ಮೇಲಕ್ಕೇರುವುದೋ ಏನೋ ಒಂದು ಆಗುತ್ತದೆ. ಅದನ್ನು ಗುರುತಿಸಿ, ‘ಇದು ಅಪ್ಪನ ಮಾತು’ ಎಂದು ಒಳಗೇ ಹೇಳಿಕೊಳ್ಳುವಷ್ಟು ಬಿಡುವು ಸಿಕ್ಕರೆ ಸಾಕು. ದಿಂಬಿಗೆ ಗುದ್ದಿ ಹಗುರಾಗಿ ಎಂಬ ಸಲಹೆಯನ್ನು ನಂಬಬೇಡಿ: 2002ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಷ್‌ಮನ್ ಅವರ ಪ್ರಯೋಗದಲ್ಲಿ, ಕೆಣಕಿದವರನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಸಿಟ್ಟು ಸುಮ್ಮನೆ ಕುಳಿತವರದಕ್ಕಿಂತ ಹೆಚ್ಚಾಗಿತ್ತು. ಸಿಟ್ಟು ಕೈ ಎತ್ತುವ ಮಟ್ಟಕ್ಕೆ ಹೋಗುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಲು ತಡಮಾಡಬೇಡಿ.

ಮಗನೊಂದಿಗೆ ಇನ್ನೂ ಮಾತಾಡಿಲ್ಲವಾದರೆ ಇಂದೇ ಆಡಿ. ಬರಿಯ ‘ಕ್ಷಮಿಸು’ ಎಂದರೆ ನೀವು ಬಯ್ದ ಮಾತು ಅವನಲ್ಲಿ ಉಳಿದೇಬಿಡುತ್ತದೆ. ‘ಆವತ್ತು ನಾನು ಅಂದದ್ದು ನಿಜವಲ್ಲ; ಅದು ನಿನ್ನಷ್ಟಿದ್ದಾಗ ನಾನು ಕೇಳಿಸಿಕೊಂಡ ಮಾತು, ಹಾಗೇ ಬಾಯಿಗೆ ಬಂತು’ ಎಂದು ಬಿಡಿಸಿ ಹೇಳಿ.