ಕಾಪಿ ಅಂದರೆ ಯಾವ ಕಾಪಿ?

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನಮ್ಮ ಶಾಲೆಯಲ್ಲಿ ಕಾಪಿ ಅಂದರೆ ಪಕ್ಕದವನದ್ದು ನೋಡಿ ಬರೆಯುವುದು. ನಿಮ್ಮ ಹೋದ ಸಂಚಿಕೆಯ ಟಿಪ್ಪಣಿಯಲ್ಲಿ ‘ಒಳ್ಳೆಯ ಕಾಪಿ’ ಅಂತಲೂ ಇದೆ, ‘ಕಾಪಿ ಖರ್ಚಾಗಲಿಲ್ಲ’ ಅಂತಲೂ ಇದೆ. ವರದಿ, ಪ್ರತಿ ಎಂಬ ಕನ್ನಡ ಪದಗಳು ನಿಮಗೆ ಬೇಡವಾದವೇ? ಗೊಂದಲ ಆಗುವುದಿಲ್ಲವೇ?”

ವರದಿ, ಪ್ರತಿ ಎರಡೂ ಚೆನ್ನಾದ ಪದಗಳು ಮೇಷ್ಟ್ರೇ, ಒಪ್ಪಿದೆ. ಆದರೆ ಗೊಂದಲ? ಪತ್ರಿಕೆಯ ಆಫೀಸಿನಲ್ಲಿ ಯಾರಿಗೂ ಆಗುವುದಿಲ್ಲ. ವರದಿಗಾರ ಕಳಿಸಿದ್ದು ಕಾಪಿ. ಅದನ್ನು ತಿದ್ದುವ ಜಾಗ ಕಾಪಿ ಡೆಸ್ಕ್. ಅಚ್ಚಾಗಿ ಬಂಡಲ್ ಕಟ್ಟಿದ್ದೂ ಕಾಪಿ. ಪತ್ರಿಕೆಗಳ ಪ್ರಸಾರ ಸಂಖ್ಯೆಯನ್ನು ತಪಾಸಣೆ ಮಾಡುವ ಎಬಿಸಿ ಸಂಸ್ಥೆ 1948ರಿಂದ ಲೆಕ್ಕ ಇಡುತ್ತಿರುವುದು ಇದನ್ನೇ. ಜಾಹೀರಾತಿನ ಒಕ್ಕಣೆಯೂ ಕಾಪಿ. ಬಾಯಿಬಿಟ್ಟರೆ ಹೆಡ್ಡಿಂಗ್ ಕೊಡುವ ರಾಜಕಾರಣಿಯನ್ನು ‘ಒಳ್ಳೆ ಕಾಪಿ’ ಅನ್ನುವವರೂ ಇದ್ದಾರೆ. ಬ್ರಿಟನ್ನಿನ ಪತ್ರಿಕೆಗಳಲ್ಲಿ ‘ಕಾಪಿ ಟೇಸ್ಟರ್’ ಅಂತ ಹುದ್ದೆಯೇ ಇತ್ತು. ಬಂದ ರಾಶಿಯಲ್ಲಿ ಯಾವುದು ಅಚ್ಚಿಗೆ, ಯಾವುದು ಬುಟ್ಟಿಗೆ ಅಂತ ಆರಿಸುವವನು. ನಮ್ಮ ಹಳ್ಳಿ ಕಡೆ ‘ಕಾಪಿ ಆಯ್ತಾ’ ಅಂದರೆ ಇನ್ನೇನೋ. ಅದನ್ನು ನೀವು ಪಟ್ಟಿಯಲ್ಲಿ ಬಿಟ್ಟಿದ್ದೀರಿ, ತಿಪಟೂರಿನವರಾಗಿ!

ನನ್ನ ತಕರಾರು ಬೇರೆ ಇದೆ. ಪದ ಉಳಿದಿದೆ, ಕಾಪಿ ನೋಡುವವರು ಉಳಿದಿಲ್ಲ.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರೂಫ್ ನೋಡಲು ಇಬ್ಬರು ಕೂರುತ್ತಿದ್ದರು. ಒಬ್ಬ ಕಾಪಿ ಹೋಲ್ಡರ್. ಅವನು ಮೂಲ ಕಾಪಿಯನ್ನು ಗಟ್ಟಿಯಾಗಿ ಓದಬೇಕು, ಕಾಮಾ, ಫುಲ್‌ಸ್ಟಾಪ್ ಸಮೇತ. ಇನ್ನೊಬ್ಬ ಅಚ್ಚಿನ ಹಾಳೆಯ ಮೇಲೆ ಗುರುತು ಹಾಕುತ್ತಾ ಹೋಗಬೇಕು. ನೋಡುವವರಿಗೆ ಸಂತೆಯ ಗಲಾಟೆ. ಆದರೆ ಕಣ್ಣು ತಪ್ಪಿಸಿದ್ದನ್ನು ಕಿವಿ ಹಿಡಿಯುತ್ತಿತ್ತು. ನಿಮ್ಮೂರಿನ ಕೊಬ್ಬರಿ ಹರಾಜಿನ ದರವನ್ನೇ ತೆಗೆದುಕೊಳ್ಳಿ. ಕ್ವಿಂಟಲ್ ಲೆಕ್ಕದಲ್ಲಿ ಒಂದು ಸೊನ್ನೆ ಬಿದ್ದುಹೋದರೆ ತೋಟದವನ ಎದೆ ನಿಲ್ಲುವುದಿಲ್ಲವೇ? ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ನದು. ಅವಸರದಲ್ಲಿ ಕಿಲೋವಾಟ್ ಅಂತ ಟೈಪ್ ಆದರೆ ಸಾವಿರ ಪಟ್ಟು ವ್ಯತ್ಯಾಸ. ಬರೆದವನ ಕಣ್ಣಿಗೆ ಅದು ಕಾಣುವುದಿಲ್ಲ. ಅವನು ಬರೆದದ್ದನ್ನಲ್ಲ, ಬರೆಯಬೇಕೆಂದುಕೊಂಡದ್ದನ್ನು ಓದುತ್ತಿರುತ್ತಾನೆ. ಇನ್ನೊಬ್ಬರು ಬೇಕೇ ಬೇಕು.

ಆ ಇನ್ನೊಬ್ಬರನ್ನೇ ಈಗ ಎಲ್ಲ ಕಡೆ ಮನೆಗೆ ಕಳಿಸುತ್ತಿದ್ದಾರೆ. ನ್ಯೂಯಾರ್ಕ್ ಟೈಮ್ಸ್‌ನಂಥ ದೊಡ್ಡ ಪತ್ರಿಕೆಯೇ 2017ರಲ್ಲಿ ತನ್ನ ಪ್ರತ್ಯೇಕ ಕಾಪಿ ಡೆಸ್ಕ್ ಮುಚ್ಚಿತು. ತುಮಕೂರಿನ ಸಣ್ಣ ಪತ್ರಿಕೆಗಳ ಪಾಡು ಕೇಳಬೇಡಿ. ವರದಿ, ಟೈಪಿಂಗ್, ಪೇಜು, ಕೆಲವು ಕಡೆ ಜಾಹೀರಾತು ವಸೂಲಿ ಕೂಡ ಒಬ್ಬನದೇ.

ಮೊದಲು ತಾಲ್ಲೂಕಿನ ವರದಿಗಾರ ಸಂಜೆ ಬಸ್ಸಿಗೆ ಕವರ್ ಕೊಟ್ಟು, ಡ್ರೈವರ್ ಕೈಗೆ ತಲುಪಿತಾ ಅಂತ ನೋಡಿ ಮನೆಗೆ ಹೋಗುತ್ತಿದ್ದ. ಅರ್ಜೆಂಟಾದರೆ ತಂತಿ, ಆ ತಂತಿ ಸೇವೆಯೂ 2013ರ ಜುಲೈನಲ್ಲಿ ನಿಂತಿತು. ಕೈಬರಹ ಕೆಟ್ಟದಾಗಿದ್ದರೂ ಆ ಕಾಪಿ ಅವನದೇ. ಈಗ ಇಲಾಖೆಯ ಪ್ರೆಸ್ ನೋಟ್ ವಾಟ್ಸಾಪಿನಲ್ಲಿ ಬರುತ್ತದೆ, ಹಾಗೇ ಪೇಜಿಗೆ ಹೋಗುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಯೂನಿಕೋಡ್‌ಗೆ ಬರುವಾಗ ಅರ್ಕಾವತ್ತು ಎತ್ತಲೋ ಹಾರಿರುತ್ತದೆ, ಅದೂ ಹಾಗೇ ಅಚ್ಚಾಗುತ್ತದೆ. ಮೂರು ಪತ್ರಿಕೆ ಪಕ್ಕಪಕ್ಕ ಇಟ್ಟರೆ ಒಂದೇ ವಾಕ್ಯ, ಒಂದೇ ಕಾಗುಣಿತದ ತಪ್ಪು. ನಿಮ್ಮ ಕ್ಲಾಸಿನಲ್ಲಾಗಿದ್ದರೆ ಮೂವರನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ ಅಲ್ವಾ? ಅದರ ಬಗ್ಗೆ ಒಂದು ಕಾಗದ ಬರೆಯಬಾರದಿತ್ತೇ! ಅಷ್ಟು ಶುದ್ಧವಾಗಿ ಬರೆಯುವವರು ನೀವು. ಓದುಗರು ಇಂಗ್ಲಿಷ್ ಪದ ಕಂಡರೆ ಸಿಟ್ಟಾಗುತ್ತಾರೆ, ತಪ್ಪು ಅಂಕಿ ಕಂಡರೆ ಸುಮ್ನೆ ಪುಟ ತಿರುಗಿಸುತ್ತಾರೆ. ಮಾಲೀಕರಿಗೂ ಇದು ಚೆನ್ನಾಗಿ ಗೊತ್ತಿದೆ.

ಜಾಹೀರಾತಿನ ಕಾಪಿಯನ್ನು ಮಾತ್ರ ಇವತ್ತಿಗೂ ನಾಲ್ಕು ಜನ ಓದುತ್ತಾರೆ. ಅದರಲ್ಲಿ ಫೋನ್ ನಂಬರ್ ತಪ್ಪಿದರೆ ದುಡ್ಡು ವಾಪಸ್ ಕೊಡಬೇಕಲ್ಲ.

— ಸಂ.